ಮೀಸೆಯಿಲ್ಲದ ಪತಂಗ

ರೆಕ್ಕೆಯ ಗುರುತು ನೋಡಿ ಪತಂಗದ ಜಾತಿ, ಕುಲ, ಊರು, ಕೇರಿ ಹೇಳಬಲ್ಲವನು ಇಡೀ ಶಿವಮೊಗ್ಗದಲ್ಲಿ ನಾನೊಬ್ಬನೇ. ಜಂಬದ ಮಾತಲ್ಲ. ಬೇರೆ ಯಾರೂ ಆ ಕೆಲಸಕ್ಕೆ ಕೈ ಹಾಕಿರಲಿಲ್ಲ, ಅಷ್ಟೆ.

ಇಪ್ಪತ್ತೊಂಬತ್ತನೇ ಇಸವಿಯಲ್ಲಿ ಹುಳ ಹಿಡಿಯುವ ದೊರೆಯೊಬ್ಬ ನಮ್ಮ ಕಡೆ ಬಂದು ಹನ್ನೊಂದು ದಿನ ಇದ್ದ. ಬಿಳಿ ದುಪ್ಪಟಿ ಕಟ್ಟಿ, ಎದುರಿಗೆ ಲಾಂದ್ರ ಇಟ್ಟು, ಬಂದು ಕೂತ ಪತಂಗಗಳನ್ನು ಸೂಜಿಗೆ ಚುಚ್ಚುವುದು ಅವನ ಕಸುಬು. ಲಾಂದ್ರ ಹಿಡಿದವನು ನಾನು. ಚುಚ್ಚಿದ ಹುಳದ ಕೆಳಗೆ ಊರು, ತಾರೀಖು ಬರೆದ ಚೀಟಿ ಸಿಕ್ಕಿಸಿದವನೂ ನಾನೇ. ನಾನಿಲ್ಲದಿದ್ದರೆ ಆ ಹುಳಗಳೆಲ್ಲ ಲಂಡನ್ನಿನ ಗಾಜಿನ ಪೆಟ್ಟಿಗೆಯಲ್ಲಿ ಇಂದು ಅನಾಥ ಹೆಣಗಳಾಗಿ ಬಿದ್ದಿರುತ್ತಿದ್ದವು. ಹೊರಡುವಾಗ ದೊರೆ ನನ್ನ ಬೆನ್ನು ತಟ್ಟಿ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅರ್ಥವಾಗಲಿಲ್ಲ. "ಲಕ್ಷ್ಮೀಕಾಂತ, ನನಗಿಂತ ನಿನಗೇ ಹೆಚ್ಚು ಗೊತ್ತು" ಎಂದೇ ಇರಬೇಕು.

ಆಮೇಲೆ ನನಗೆ ಜನನ ಮರಣ ದಾಖಲಿಸುವ ಗುಮಾಸ್ತನ ಕೆಲಸ ಸಿಕ್ಕಿತು. ಅಲ್ಲೂ ಅದೇ ವಿದ್ಯೆ. ಹೆಸರು, ಊರು, ತಾರೀಖು. ಸೂಜಿಯೊಂದು ಇರಲಿಲ್ಲ.

ಸೀಗೇಹಟ್ಟಿಯಲ್ಲಿ ನಮ್ಮ ಮನೆಗೂ ಬಂಗಾರಪ್ಪನ ಮನೆಗೂ ಒಂದೇ ಗೋಡೆ. ಅವನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೂಲಿ. ಸೋಮವಾರ ಬೆಳಿಗ್ಗೆ ರೈಲಿಗೆ ಹೋದರೆ ಭಾನುವಾರ ಬೆಳಿಗ್ಗೆ ಬರುವವನು. ಬರುವಾಗ ಹೆಗಲ ಮೇಲೆ ಒಂದು ಗಂಟು ಅಕ್ಕಿಹಿಟ್ಟು, ಮೂಗಿನ ಕೆಳಗೆ ಒಂದು ಮೀಸೆ. ಮೀಸೆಯ ಮೇಲೆ ನಿಂಬೆಹಣ್ಣು ನಿಲ್ಲಿಸಿದವರನ್ನು ನೀವು ನೋಡಿರಬಹುದು. ಬಂಗಾರಪ್ಪನ ಮೀಸೆಯ ಮೇಲೆ ಕಾಗೆ ಕೂತು ಎದ್ದು ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದಲ್ಲ, ಎರಡು ಕಾಗೆ.

ಮೂವತ್ತನಾಲ್ಕನೇ ಇಸವಿಯ ಮಳೆಗಾಲದಲ್ಲಿ ಚಳಿಜ್ವರ ಭದ್ರಾವತಿಯ ಸಾಲುಮನೆಗಳಿಗೆ ಹೊಕ್ಕು, ಒಂದು ಬಾಗಿಲನ್ನೂ ಬಿಡದೆ ತಟ್ಟುತ್ತಾ ಹೋಯಿತು. ನಮ್ಮ ಕಚೇರಿಯಲ್ಲಿ ಜನನದ ಪುಸ್ತಕಕ್ಕೆ ಧೂಳು ಹಿಡಿಯಿತು. ಮರಣದ ಪುಸ್ತಕ ದಪ್ಪವಾಗಿ ಹೊಲಿಗೆ ಬಿಟ್ಟಿತು. ಅಂಥದ್ದೇ ಒಂದು ಸೋಮವಾರ ಬೆಳಿಗ್ಗೆ ಬಂಗಾರಪ್ಪನಿಗೂ ಅವನ ಹೆಂಡತಿ ಈಶ್ವರಮ್ಮನಿಗೂ ಮಾತಿಗೆ ಮಾತು ಬೆಳೆಯಿತು. ಬೀದಿಗೆಲ್ಲ ಕೇಳಿಸಿತು. ನಾನು ಗೋಡೆಗೆ ಕಿವಿ ಹಚ್ಚಿದ್ದರಿಂದ ನನಗೆ ತುಸು ಹೆಚ್ಚು ಕೇಳಿಸಿತು.

"ವಾರ ವಾರ ಈ ತರಿತರಿ ಹಿಟ್ಟು ಹೊತ್ಕೊಂಡು ಬರ್ತೀರಲ್ಲ! ರೊಟ್ಟಿ ತಟ್ಟಿದ್ರೆ ಕೈಯಲ್ಲೇ ಹರೀತದೆ. ಆ ಹಿಟ್ಟಿನ ಮಿಷನ್ನೋನು ನಿಮ್ಮನ್ನ ಮಂಗ ಮಾಡ್ತಾವ್ನೆ. ಬೀಸೋಕೆ ಬರದೋನು ಬೀಸಿದ ಹಂಗೈತೆ!"

ಬಂಗಾರಪ್ಪ ಮುಂದಿದ್ದ ರೊಟ್ಟಿ ಮುಟ್ಟದೆ ಎದ್ದು, ಟವಲು ಹೆಗಲಿಗೆ ಹಾಕಿಕೊಂಡು ಹೋದ. ಶುಕ್ರವಾರ ಅವನು ಸತ್ತ ಸುದ್ದಿ ಬಂತು. ಅವನ ಅಣ್ಣ ಉಜ್ಜನಪ್ಪ ಓಡಿದ. ಜ್ವರದ ಹೆಣ ಇಟ್ಟುಕೊಳ್ಳಬಾರದೆಂದು ಅಲ್ಲಿಯವರು ಅವಸರ ಮಾಡಿದ್ದರಿಂದ, ಹೆಂಗಸರು ರೈಲು ಹತ್ತುವ ಮೊದಲೇ ಮಣ್ಣು ಮುಗಿದಿತ್ತು. ಈಶ್ವರಮ್ಮನಿಗೆ ಗಂಡನ ಮುಖ ನೋಡಲು ಸಿಗಲಿಲ್ಲ. ಅವನ ಕಿವಿಗೆ ಬಿದ್ದ ಅವಳ ಕೊನೆಯ ಮಾತು ಆ ಹಿಟ್ಟಿನದೇ.

ಅವರಲ್ಲಿ ಒಂದು ಪದ್ಧತಿಯಿದೆ. ತಿಥಿಯ ಹಿಂದಿನ ಸಂಜೆ, ಸತ್ತವನು ಮಲಗುತ್ತಿದ್ದ ಜಾಗದಲ್ಲಿ ಹಿಟ್ಟು ಹರಡಿ ಮೇಲೆ ಬಿದಿರಿನ ಮಂಕರಿ ಬೋರಲು ಹಾಕುತ್ತಾರೆ. ಬೆಳಿಗ್ಗೆ ಮಂಕರಿ ಎತ್ತಿ, ಹಿಟ್ಟಿನ ಮೇಲೆ ಯಾವ ಹೆಜ್ಜೆ ಮೂಡಿದೆ ಎಂದು ನೋಡುತ್ತಾರೆ. ಹಕ್ಕಿಯ ಹೆಜ್ಜೆಯಿದ್ದರೆ ಹಕ್ಕಿಯಾಗಿ ಬಂದ, ಇರುವೆಯ ಜಾಡಿದ್ದರೆ ಇರುವೆಯಾಗಿ ಬಂದ. ಏನೂ ಇಲ್ಲದಿದ್ದರೆ ಬರಲೇ ಇಲ್ಲ. ಆ ಮನೆಯಲ್ಲಿ ಬೇರೆ ಹಿಟ್ಟಿರಲಿಲ್ಲ. ಬಂಗಾರಪ್ಪ ತಂದಿದ್ದ ಅದೇ ತರಿತರಿ ಅಕ್ಕಿಹಿಟ್ಟನ್ನು ಹರಡಿದರು.

ಬೆಳಿಗ್ಗೆ ಮಂಕರಿ ಎತ್ತುವಾಗ ಬೀದಿಯ ಅರ್ಧ ಜನ ಒಳಗಿದ್ದರು, ಇನ್ನರ್ಧ ಕಿಟಕಿಯಲ್ಲಿದ್ದರು. ಕರೆಯದಿದ್ದರೂ ಹೋಗುವುದು ನನ್ನ ಕರ್ತವ್ಯವಾದ್ದರಿಂದ ನಾನು ಎಲ್ಲರಿಗಿಂತ ಮುಂದಿದ್ದೆ. ಹಿಟ್ಟಿನ ಮೇಲೆ ಕೂದಲೆಳೆಯಂಥ ಒಂದು ಜಾಡು. ಜಾಡಿನ ಕೊನೆಯಲ್ಲಿ, ಅಕ್ಕಿಕಾಳಿಗಿಂತ ತುಸು ಉದ್ದದ ಒಂದು ಪತಂಗ ರೆಕ್ಕೆ ಮಡಚಿ ಕೂತಿತ್ತು. ಮೇಲರ್ಧ ಮಾಸಲು ಬಿಳುಪು, ಕೆಳಗರ್ಧ ತಾಮ್ರದ ಬಣ್ಣ.

"ಬಂದ! ನನ್ನ ಮಗ ಬಂದ!" ಎಂದು ಮುದುಕಿ ದ್ಯಾಮಮ್ಮ, ಬಂಗಾರಪ್ಪನ ತಾಯಿ, ಎದೆ ಬಡಿದುಕೊಂಡಳು. "ನೋಡ್ರೋ, ಮೇಲೆ ಬಿಳೀ ಅಂಗಿ, ಕೆಳಗೆ ತುಕ್ಕು ಹತ್ತಿದ ಚಡ್ಡಿ. ಕಾರ್ಖಾನೆಯಿಂದ ಬಟ್ಟೆ ಬದಲಾಯಿಸ್ದೆ ಬಂದವ್ನೆ!"

ಎಲ್ಲರೂ ಅತ್ತರು. ಈಶ್ವರಮ್ಮ ಅಳಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ಅಣ್ಣಾ, ನೀವು ಓದಿದೋರು. ಹುಳದ ವಿದ್ಯೆ ಬಲ್ಲೋರು. ಇದು ಅವರೇನಾ, ಬರೀ ಹುಳಾನಾ? ಸಿಟ್ಟು ಮಾಡ್ಕೊಂಡು ಹೋದೋರು ತಿರುಗಿ ಬರ್ತಾರಾ?"

ಒಂದೇ ಒಂದು "ಹೌದು" ಸಾಕಿತ್ತು. ಆದರೆ ನಲವತ್ತು ಜನ ಕೂಡಿದ ಸಭೆಯಲ್ಲಿ ವಿದ್ವಾಂಸನಾದವನು ಒಂದು ಪದಕ್ಕೆ ನಿಲ್ಲುವುದು ಹೇಗೆ? ಕನ್ನಡಕ ಹಾಕಿದೆ. ಮಂಡಿಯೂರಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದೆ.

"ಈ ಜಾತಿ," ಎಂದೆ, "ಶಿವಮೊಗ್ಗದಲ್ಲಿ ಇಲ್ಲವೇ ಇಲ್ಲ. ಈ ಸೀಮೆಯಲ್ಲಿ ಇದು ಸಿಗುವುದು ಭದ್ರಾವತಿಯಲ್ಲಿ ಮಾತ್ರ."

ಇದು ಊಹೆಯಲ್ಲ. ದೊರೆ ಇಂಥ ಎಂಟು ಹುಳ ಚುಚ್ಚಿದ್ದ. ಎಂಟಕ್ಕೂ "ಭದ್ರಾವತಿ" ಎಂದು ಚೀಟಿ ಬರೆದವನು ನಾನು. ನಾವು ಅವತ್ತು ಭದ್ರಾವತಿಯಲ್ಲಿ ಉಳಿದಿದ್ದೆವು ಎಂಬುದು ನಿಜ. ಆದರೆ ದೊರೆ ಹಿಡಿಯದ ಊರಿನಲ್ಲಿ ಹುಳ ಇರುವುದಾದರೂ ಯಾವ ಧೈರ್ಯದಿಂದ?

ಮನೆಯೊಳಗೆ ಒಂದು ಉಸಿರು ಎದ್ದಿತು. ಭದ್ರಾವತಿ! ಹನ್ನೆರಡು ಮೈಲಿ! ಆ ಮಳೆಯಲ್ಲಿ, ಆ ರೆಕ್ಕೆಯಲ್ಲಿ! ಈಶ್ವರಮ್ಮನ ಮುಖದಲ್ಲಿ ಹತ್ತು ದಿನದಿಂದ ಕಾಣದಿದ್ದ ಜೀವ ಕಂಡಿತು. ಉಜ್ಜನಪ್ಪ ನನ್ನ ಕಾಲು ಮುಟ್ಟಲು ಬಗ್ಗಿದ. ನಾನು ತಡೆಯುವವನಂತೆ ಕಾಲನ್ನು ಇನ್ನಷ್ಟು ಮುಂದೆ ಇಟ್ಟೆ.

ಅಲ್ಲಿಗೆ ಬಾಯಿ ಮುಚ್ಚಿದ್ದರೆ ನಾನು ದೇವರಾಗುತ್ತಿದ್ದೆ. ಎದುರು ಮನೆಯ ಸುವರ್ಣಮ್ಮ ಬಿಡಲಿಲ್ಲ.

"ಅದೆಲ್ಲ ಸರಿ ಮಾರಾಯ್ರೇ, ಮೀಸೆ ಎಲ್ಲಿ? ಅಂಗಿ ಬಂತು, ಚಡ್ಡಿ ಬಂತು. ಬಂಗಾರಪ್ಪ ಮೀಸೆ ಬಿಟ್ಟು ಬರೋ ಆಸಾಮಿನಾ?"

ಪಾಂಡಿತ್ಯಕ್ಕೆ ಸವಾಲು ಬಿದ್ದಿತು. ದೊರೆಯ ಹತ್ತಿರ ಕಲಿತ ಇನ್ನೊಂದು ಗುಟ್ಟು ನನ್ನಲ್ಲಿತ್ತು. "ಕೇಳಿ. ಗಂಡು ಪತಂಗಕ್ಕೆ ಮೀಸೆ ಬಾಚಣಿಗೆಯಂತೆ ಹಲ್ಲುಹಲ್ಲಾಗಿ ಇರುತ್ತದೆ. ಇದಕ್ಕೆ ನೋಡಿ, ಬರೀ ದಾರ. ಮೀಸೆ ಇಲ್ಲ, ಏಕೆಂದರೆ ಇದು ಹೆಣ್ಣು."

ಅಳು ನಿಂತಿತು. ಉಜ್ಜನಪ್ಪ ನಿಧಾನವಾಗಿ ನೆಟ್ಟಗೆ ನಿಂತ.

"ಹೆಣ್ಣು," ಎಂದ. "ಭದ್ರಾವತಿದು."

"ವಿದ್ಯೆಯ ದೃಷ್ಟಿಯಿಂದ..." ಎಂದೆ ನಾನು.

"ತಮ್ಮ ಬರಲಿಲ್ಲ. ಭದ್ರಾವತಿಯಿಂದ ಒಂದು ಹೆಣ್ಣನ್ನ ಕಳಿಸವ್ನೆ. ಏನಿದರ ಅರ್ಥ?"

ಅರ್ಥ ಹೇಳಲು ಬೀದಿಗೆ ನನ್ನ ಸಹಾಯ ಬೇಕಾಗಲಿಲ್ಲ. ಹತ್ತು ಗಂಟೆಗೆ ಭದ್ರಾವತಿಯಲ್ಲಿ ಒಬ್ಬಳಿದ್ದಾಳೆ ಎಂದಾಯಿತು. ಊಟದ ಹೊತ್ತಿಗೆ ಅವಳು ಕೆಂಪಗಿದ್ದಳು, ಮೂಗುಬೊಟ್ಟು ಇಟ್ಟಿದ್ದಳು. ಮೂರು ಗಂಟೆಗೆ ಎರಡು ಮಕ್ಕಳಾದವು. ಸುದ್ದಿ ಕೋಟೆಯ ಕಡೆ ಹೋಗಿ ತಿರುಗಿ ಬರುವಷ್ಟರಲ್ಲಿ ದೊಡ್ಡದು ಶಾಲೆಗೆ ಹೋಗುತ್ತಿತ್ತು, ಲೆಕ್ಕದಲ್ಲಿ ಹಿಂದಿತ್ತು. ನನ್ನ ಹೆಂಡತಿ ಶಕುಂತಲಮ್ಮ ಒಳಗಿನಿಂದಲೇ ಕೇಳಿದಳು: "ಆ ಹುಳ ನಮ್ಮನೆ ಹಿಟ್ಟಿನ ಡಬ್ಬೀಲೂ ಇದ್ಯಲ್ಲ, ನಿಮ್ಮವಳು ಯಾವ ಊರೋಳು?" ಅವಳಿಗೆ ವಿದ್ಯೆಯ ಗಂಧವಿಲ್ಲ. ಡಬ್ಬಿಗೆ ಮುಚ್ಚಳ ಬಿಗಿದು, ಈ ಮಾತು ಹೊರಗೆ ಆಡಬೇಡವೆಂದು ಕೈಮುಗಿದೆ.

ಗೋಡೆಯ ಆಚೆ ನಗು ಇರಲಿಲ್ಲ.

"ಉಂಡು ಹೋಗೋ ಗಂಡನ್ನ ಹಸಿದ ಹೊಟ್ಟೇಲಿ ಓಡಿಸಿದ್ರೆ ಇನ್ನೇನಾಗ್ತದೆ?" ದ್ಯಾಮಮ್ಮನ ದನಿ. "ಉಣ್ಣಿಸೋಳ ಹತ್ರ ಹೋದ. ನೀನು ಸರಿ ಇದ್ದಿದ್ರೆ ನನ್ನ ಮಗ ಅಲ್ಲಿ ಯಾಕೆ ಸಾಯ್ತಿದ್ದ?"

"ತಿಥಿ ನಿಲ್ಲಲಿ," ಉಜ್ಜನಪ್ಪ ಅಂದ. "ನಾಳೆ ಭದ್ರಾವತಿಗೆ ಹೋಗಿ ನೋಡ್ತೀನಿ. ಅಂಥೋಳು ಒಬ್ಬಳು ಇದ್ದದ್ದು ನಿಜವಾದ್ರೆ, ಇವಳನ್ನ ಆಯನೂರಿಗೆ ತವರಿಗೆ ಬಿಟ್ಟು ಬರೋದೇ. ಈ ಮನೇಲಿ ಅವನ ಹೆಸರಲ್ಲಿ ದೀಪ ಹಚ್ಚೋ ಹಕ್ಕು ಇವಳಿಗಿಲ್ಲ."

ಆಮೇಲೆ ಈಶ್ವರಮ್ಮನ ಮಾತು ಕೇಳಿಸಿತು. "ನಾನೂ ಬರ್ತೀನಿ. ಇದ್ರೆ ಅವಳ ಮುಖ ನೋಡ್ಬೇಕು. ಕೊನೇಲಿ ನೀರು ಬಿಟ್ಟೋಳು ಅವಳೇ ತಾನೆ?"

ಮರುದಿನ ಬೆಳಗಿನ ರೈಲಿಗೆ ನಾವು ಮೂವರು ಹೊರಟೆವು. ಪತಂಗ ಬೆಂಕಿಪೊಟ್ಟಣದಲ್ಲಿ, ಬೆಂಕಿಪೊಟ್ಟಣ ನನ್ನ ಕೋಟಿನ ಜೇಬಿನಲ್ಲಿ. ಸಾಕ್ಷಿಯನ್ನು ಕಾಯಲು ನನಗಿಂತ ಯೋಗ್ಯರು ಯಾರಿದ್ದರು? ಗಾಡಿಯಲ್ಲಿ ಎಂಥ ನೂಕುನುಗ್ಗಲೆಂದರೆ, ಕಿಟಕಿಯಿಂದ ಒಳಗೆ ಹಾಕಿದ ಕುಂಬಳಕಾಯಿಯೊಂದು ಜನರ ತಲೆಯ ಮೇಲೇ ಪ್ರಯಾಣ ಮಾಡಿ ಭದ್ರಾವತಿಯಲ್ಲಿ ತಾನೇ ಇಳಿಯಿತು. ಸ್ಟೇಷನ್ನಿನಲ್ಲಿ ಇಳಿದು ಜೇಬು ಮುಟ್ಟಿದೆ. ದಾರಿಯುದ್ದಕ್ಕೂ ನಾನು ಬೆಂಕಿಪೊಟ್ಟಣದ ಮೇಲೆ ಕೂತಿದ್ದೆ.

ಮರೆಯಲ್ಲಿ ನಿಂತು ತೆರೆದು ನೋಡಿದೆ. ಚಪ್ಪಟೆಯಾದ ರಟ್ಟಿಗೆ ಒಂದಿಷ್ಟು ತಾಮ್ರದ ಪುಡಿ ಮೆತ್ತಿತ್ತು. ಬಂಗಾರಪ್ಪ ಎರಡನೇ ಸಲ ಸತ್ತಿದ್ದ. ಮೊದಲನೆಯದಕ್ಕೆ ಜ್ವರ ಕಾರಣ, ಎರಡನೆಯದಕ್ಕೆ ಜನನ ಮರಣ ಗುಮಾಸ್ತ. ಪೊಟ್ಟಣವನ್ನು ಉಗುರಿನಿಂದ ಉಬ್ಬಿಸಿ ಜೇಬಿಗೆ ಹಾಕಿಕೊಂಡೆ.

"ಹುಳ ಹೆಂಗೈತೆ?" ಉಜ್ಜನಪ್ಪ ಕೇಳಿದ.

"ಮಲಗಿದೆ," ಎಂದೆ.

ಸಾಲುಮನೆಗಳ ಬೀದಿಯಲ್ಲಿ ಕಾರ್ಖಾನೆಯ ಹೊಗೆ ಮಳೆಗೆ ಒದ್ದೆಯಾಗಿ ಕೆಳಗೇ ಬಿದ್ದಿತ್ತು. ಮೂರು ಬಾಗಿಲಿಗೆ ಒಂದು ಬಾಗಿಲು ಮುಚ್ಚಿತ್ತು. ಜಗಲಿಯಲ್ಲಿ ಕಂಬಳಿ ಹೊದ್ದು ನಡುಗುತ್ತಾ ಕೂತಿದ್ದ ತಮಿಳಿನ ಫಿಟ್ಟರೊಬ್ಬನನ್ನು ಉಜ್ಜನಪ್ಪ ಮಾತಾಡಿಸಿದ.

"ಮೀಸೆ ಬಂಗಾರಪ್ಪನಾ? ಅಯ್ಯೋ, ಒಳ್ಳೇ ಮನುಷ್ಯ, ಸಾರ್. ದಿನಾ ಊಟ ಕಲ್ಲಮ್ಮ ಮನೇಲಿ. ಶನಿವಾರ ಮಾತ್ರ," ಎಂದು ಅವನು ದನಿ ಇಳಿಸಿದ, "ಸಾಯಂಕಾಲ ಒಳಗೆ ಹೋಗಿ ಬಾಗಿಲು ಹಾಕ್ಕೊಳ್ತಾನೆ. ಎರಡು ಗಂಟೆ ಬರಲ್ಲ. ಬರುವಾಗ ಮೈಯೆಲ್ಲ ಬೆವರು. ಏನಪ್ಪಾ ಅಂತ ಕೇಳಿದ್ರೆ ಮೀಸೆ ಒಳಗೇ ನಗ್ತಾನೆ."

ಉಜ್ಜನಪ್ಪ ಈಶ್ವರಮ್ಮನ ಕಡೆ ನೋಡಲಿಲ್ಲ. ಈಶ್ವರಮ್ಮ ಸೆರಗು ಬಿಗಿದು ಮುಂದೆ ನಡೆದಳು. ಅವಳ ಹಿಂದೆ ನಡೆಯುತ್ತಾ ನಾನು, ನನ್ನ ವಿದ್ಯೆ ಈ ಪಾಟಿ ನಿಜವಾಗುವ ಅಗತ್ಯವಿರಲಿಲ್ಲ ಎಂದುಕೊಂಡೆ.

ಬಾಗಿಲು ತೆರೆದವಳಿಗೆ ಎಪ್ಪತ್ತು ದಾಟಿತ್ತು. ಬೆನ್ನು ಬಾಗಿ ಮೂಗು ಹೊಸ್ತಿಲಿಗೆ ತಾಗುವಂತಿತ್ತು. ಮೂಗುಬೊಟ್ಟು ಇರಲಿಲ್ಲ.

"ಕಲ್ಲಮ್ಮನ್ನ ಕರೀ ಅಜ್ಜಿ," ಎಂದ ಉಜ್ಜನಪ್ಪ.

"ನಾನೇ ಕಲ್ಲಮ್ಮ."

"ಮಗಳಿದ್ರೆ ಕರೀ. ಸೊಸೆ ಇದ್ರೆ ಕರೀ. ಒಟ್ಟಿನಲ್ಲಿ ಹೆಂಗಸನ್ನ ಕರೀ!"

"ಅಯ್ಯೋ ನಿನ್ನ! ನಾನು ಮತ್ತೇನು ಗಂಡಸಾ?" ಎಂದು ಮುದುಕಿ ಈಶ್ವರಮ್ಮನ ಮುಖ ದಿಟ್ಟಿಸಿದಳು. "ನೀನು ಸೀಗೇಹಟ್ಟಿಯೋಳಲ್ಲೇನೇ? ಬಲಗೈ ಮಣಿಕಟ್ಟು ನೋವು ವಾಸಿಯಾಯ್ತಾ ಮಗಾ?"

ಈಶ್ವರಮ್ಮ ತನ್ನ ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಳು. "ನಿಮಗೆ ಹೆಂಗೆ ಗೊತ್ತು?"

"ಎರಡು ವರ್ಷದಿಂದ ಶನಿವಾರ ಶನಿವಾರ ಅದೇ ಮಾತು. 'ಅವಳ ಕೈಲಿ ಬೀಸೋಕಾಗಲ್ಲ ಅಜ್ಜಿ, ಹಂಗಂತ ಹೇಳೋಳೂ ಅಲ್ಲ. ನಿನ್ನ ಬೀಸೋಕಲ್ಲು ಕೊಡು.' ಅಗೋ ಅಲ್ಲಿ ಕೂತು ಬೀಸೋನು. ನಾಕು ಜನ ನೋಡಿದ್ರೆ ಮೀಸೆ ಮರ್ಯಾದೆ ಹೋಗ್ತದೆ ಅಂತ ಬಾಗಿಲು ಹಾಕ್ಕೊಳ್ಳೋನು. ಮನೇಲಿ ಮಿಷನ್ ಹಿಟ್ಟು ಅಂದೀನಿ, ನೀನೂ ಹಂಗೇ ಅನ್ನು ಅಂತ ಆಣೆ ಬೇರೆ ಹಾಕಿಸ್ಕೊಂಡಿದ್ದ."

ಮೂಲೆಯಲ್ಲಿ ಬೀಸೋಕಲ್ಲು ಇತ್ತು. ಅದರ ಗೂಟ ಕಪ್ಪಗೆ ನುಣುಪಾಗಿತ್ತು. ಉಜ್ಜನಪ್ಪ ಅದನ್ನೇ ನೋಡುತ್ತಾ ನಿಂತ. ತಮ್ಮನನ್ನು ಯಾವ ಹೆಂಗಸಿನ ಜೊತೆ ಬೇಕಾದರೂ ಊಹಿಸಿಕೊಂಡಿದ್ದ ಅವನಿಗೆ, ಹೆಂಗಸಿನ ಹಾಗೆ ಕಾಲು ಚಾಚಿ ಬೀಸುತ್ತಿರುವ ತಮ್ಮನನ್ನು ಊಹಿಸಲು ಆಗಲಿಲ್ಲ.

"ತರಿತರಿ ಇರ್ತಿತ್ತು," ಎಂದಳು ಈಶ್ವರಮ್ಮ.

"ಇರ್ದೇ ಇನ್ನೇನು? ಕಬ್ಬಿಣ ಹೊರೋ ಕೈ. ಆ ಸೋಮವಾರ ಬಂದೋನು ಊಟಕ್ಕೂ ಕೂರಲಿಲ್ಲ. 'ಅವಳು ಕಂಡುಹಿಡಿದ್ಲು ಅಜ್ಜಿ, ಬೀಸೋಕೆ ಬರದೋನು ಬೀಸಿದ್ದು ಅಂದ್ಲು' ಅಂತ ಹೇಳಿ ಬಿದ್ದು ಬಿದ್ದು ನಕ್ಕ. ನುಣ್ಣಗೆ ಬೀಸೋದು ಹೆಂಗೆ, ಹೇಳ್ಕೊಡು ಅಂದ. ಒಂದು ಹಿಡಿ ಹಾಕು, ನಿಧಾನಕ್ಕೆ ತಿರುಗಿಸು ಅಂದೆ. ಒಂದೇ ಅಕ್ಕೀನ ಎರಡು ಸಲ ಬೀಸ್ದ. ಮಂಗಳವಾರ ಚಳಿ ಹಿಡೀತು." ಮುದುಕಿ ಕೈಯೂರಿ ಎದ್ದಳು. "ಹಿಟ್ಟು ಇಲ್ಲೇ ಐತೆ. ಯಾರಾದ್ರೂ ಬರ್ತಾರೆ ಅಂತ ಇಟ್ಕೊಂಡಿದ್ದೆ."

ಗೋಡೆಗೆ ಆನಿಸಿ ಮಗುವಿನೆತ್ತರದ ಒಂದು ಹಿಟ್ಟಿನ ಗುಡಾಣವಿತ್ತು. ಅವಳು ಮುಚ್ಚಳ ಸರಿಸಿದಳು.

ಒಳಗಿನಿಂದ ಪತಂಗಗಳು ಎದ್ದವು. ನಾನು ಯಾವುದನ್ನೂ ಹೆಚ್ಚು ಮಾಡಿ ಹೇಳುವವನಲ್ಲವೆಂದು ನಿಮಗೆ ಗೊತ್ತು. ಲಕ್ಷ ಇರಲಿಲ್ಲ. ಮೂವತ್ತೋ ನಲವತ್ತೋ ಇದ್ದವು. ಎಲ್ಲದಕ್ಕೂ ಬಿಳೀ ಅಂಗಿ, ತುಕ್ಕಿನ ಚಡ್ಡಿ. ಆ ಸಣ್ಣ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ತಡವರಿಸುತ್ತಾ ಹಾರಿದವು.

"ಇವರೆಲ್ಲ ಯಾರು?" ಎಂದಳು ಈಶ್ವರಮ್ಮ.

ಹಿಟ್ಟಿನ ಹುಳ, ತಿಂಗಳುಗಟ್ಟಲೆ ಮುಟ್ಟದ ಹಿಟ್ಟಿನಲ್ಲಿ ಎಲ್ಲ ಊರಲ್ಲೂ ಹುಟ್ಟುತ್ತದೆ, ನಮ್ಮ ಮನೆಯ ಡಬ್ಬಿಯಲ್ಲೂ ಇದೆ ಎಂದು ಹೇಳಲು ನಾನು ಬಾಯಿ ತೆರೆದೆ. ಕಲ್ಲಮ್ಮ ಮೊದಲೇ ಹೇಳಿದಳು.

"ನಂದು ಮೂವತ್ತೆಂಟು ಎಲೆ ಊಟದ ಮನೆ ಕಣವ್ವಾ. ಈಗ ಏಳು ಎಲೆ ಹಾಕ್ತೀನಿ. ಉಳಿದೋರಿಗೆ ಅಂತ ಬೀಸಿಟ್ಟ ಹಿಟ್ಟು ಹಂಗೇ ಕೂತೈತೆ."

ನಾನು ಬಾಯಿ ಮುಚ್ಚಿದೆ. ಆ ಮೂವತ್ತೊಂದು ಜನರಲ್ಲಿ ಅರ್ಧದಷ್ಟಾದರೂ ನನ್ನ ಮರಣದ ಪುಸ್ತಕದಲ್ಲಿದ್ದಾರೆ. ಹೆಸರು, ಊರು, ತಾರೀಖು. ಬರೆಯುವಾಗ ಅವರು ಯಾರ ಮನೆಯಲ್ಲಿ ಉಣ್ಣುತ್ತಿದ್ದರು ಎಂದು ನಾನು ಕೇಳಿರಲಿಲ್ಲ. ಆ ಕಾಲಂ ಇಲ್ಲ.

ಮುದುಕಿ ಗುಡಾಣದೊಳಗೆ ಮೇಲೇ ಇಟ್ಟಿದ್ದ ಒಂದು ಬಟ್ಟೆಯ ಗಂಟು ತೆಗೆದು ಈಶ್ವರಮ್ಮನ ಕೈಗೆ ಕೊಟ್ಟಳು. ಈಶ್ವರಮ್ಮ ಗಂಟು ಬಿಚ್ಚಿ, ಒಂದು ಚಿಟಿಕೆ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದಳು. ಮತ್ತೆ ಉಜ್ಜಿದಳು. ಹನ್ನೊಂದು ದಿನದಿಂದ ಅಳದವಳು ನೆಲದಲ್ಲಿ ಕೂತು, ಬೀಸೋಕಲ್ಲಿನ ಗೂಟ ಹಿಡಿದುಕೊಂಡು ಅತ್ತಳು.

"ಪೊಟ್ಟಣದಲ್ಲಿರೋದನ್ನೂ ಬಿಡಿ ಸ್ವಾಮಿ," ಎಂದ ಉಜ್ಜನಪ್ಪ, ಮುಖ ಆ ಕಡೆ ತಿರುಗಿಸಿಕೊಂಡು. "ಅವರ ಜೊತೆ ಸೇರ್ಲಿ."

ನಾನು ಜೇಬಿನಿಂದ ಬೆಂಕಿಪೊಟ್ಟಣ ತೆಗೆದೆ. ನನ್ನ ಜೀವಮಾನದಲ್ಲಿ ನಾನು ಹೇಳಿದ ಸುಳ್ಳುಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ತುದಿ ತೀರ್ಥಹಳ್ಳಿಯಲ್ಲಿರುತ್ತದೆ. ಆದರೆ ಮಾತಿಲ್ಲದೆ ಹೇಳಿದ ಸುಳ್ಳು ಅದೊಂದೇ. ಹಾರುವ ಹುಳಗಳ ನಡುವೆ ಕೈಯೆತ್ತಿ, ಪೊಟ್ಟಣವನ್ನು ಅರ್ಧ ತೆರೆದು, ಊದಿ, ಮುಚ್ಚಿದೆ.

ಈಶ್ವರಮ್ಮ ತಲೆಯೆತ್ತಿ ನೋಡುತ್ತಿದ್ದಳು. ಅವಳ ಕಣ್ಣು ಒಂದು ಪತಂಗವನ್ನು ಹಿಡಿದುಕೊಂಡಿತು. ಅದು ತೊಲೆಯ ಸುತ್ತ ಒಂದು ಸುತ್ತು ಹಾರಿ, ಕೆಳಗಿಳಿದು, ಅವಳ ತೊಡೆಯ ಮೇಲಿದ್ದ ಹಿಟ್ಟಿನ ಗಂಟಿನ ಮೇಲೆ ರೆಕ್ಕೆ ಮಡಚಿ ಕೂತಿತು.

"ಅಣ್ಣಾ," ಎಂದಳು. "ಇದೇ ಅಲ್ವಾ ಅವರು?"

ನಾನು ಕನ್ನಡಕ ಹಾಕಲಿಲ್ಲ. ಮಂಡಿಯೂರಲಿಲ್ಲ.

"ಹೌದು," ಎಂದೆ. ಅಷ್ಟೇ ಎಂದೆ.

ಮರುದಿನ ತಿಥಿ ನಡೆಯಿತು. ಎಡೆಗೆ ಇಟ್ಟ ರೊಟ್ಟಿ ಆ ಹಿಟ್ಟಿನದೇ. ಹರಿಯಲಿಲ್ಲವಂತೆ. ಆಯನೂರಿನ ಮಾತನ್ನು ಯಾರೂ ಎತ್ತಲಿಲ್ಲ. ಉಜ್ಜನಪ್ಪ ಮಾತ್ರ ಬೀದಿಯಲ್ಲಿ ನನ್ನ ಪಾಂಡಿತ್ಯವನ್ನು ಹೊಗಳಿ ಹೊಗಳಿ ಸುಸ್ತಾದ: "ಭದ್ರಾವತಿ ಅಂದ್ರು, ಭದ್ರಾವತಿಯೇ ಆಯ್ತು. ಹೆಣ್ಣು ಅಂದ್ರು, ನನ್ನ ತಮ್ಮ ಹೆಣ್ಣಿನ ಕೆಲಸ ಮಾಡಿದ್ದೇ ಹೊರಬಿತ್ತು. ಎಂಥ ಕಣ್ಣು!" ಅಂದಿನಿಂದ ಸೀಗೇಹಟ್ಟಿಯಲ್ಲಿ ಯಾರು ಸತ್ತರೂ ಮಂಕರಿ ಎತ್ತಲು ನನ್ನನ್ನು ಕರೆಯುತ್ತಾರೆ. ನಾನು ಹೋಗುತ್ತೇನೆ, ನೋಡುತ್ತೇನೆ, ಒಂದೇ ಪದ ಹೇಳಿ ಬರುತ್ತೇನೆ.

ಆ ಬೆಂಕಿಪೊಟ್ಟಣ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ. ಒಳಗೆ ಅದೇ ತಾಮ್ರದ ಪುಡಿ. ಚೀಟಿ ಮಾತ್ರ ಬರೆದಿಲ್ಲ.